ಕಂಕುಳಲ್ಲಿ ತುಂಡಾದ ವಾಕ್ಯ

ಪೇಪರು ನನಗೆ ಒಂದು ದಿನ ತಡವಾಗಿ ಬರುತ್ತದೆ,
ಪಕ್ಕದ ಸೈಕಲ್ ಶಾಪಿನ ಮರೀಗೌಡರು ಓದಿ, ಮಡಿಚಿ,
ಮೇಲೆ ಒಂದಿಷ್ಟು ಗ್ರೀಸು ಮೆತ್ತಿ ಕೊಟ್ಟ ಮೇಲೆ.
ನಿನ್ನೆಯ ಸಾವು, ನಿನ್ನೆಯ ಬೆಲ್ಲದ ರೇಟು ನನಗೇಕೆ?
ರವಿಕೆಯ ಅಳತೆ ಕತ್ತರಿಸಲು ಕಾಗದ ಬೇಕು, ಅಷ್ಟೇ
ಅಂತ ಇಸಕೊಂಡವಳು ನಾನು, ಹನ್ನೊಂದು ವರ್ಷದ ಹಿಂದೆ.

ಗುತ್ತಲು ರಸ್ತೆಯಲ್ಲಿ ಆರಡಿ ಅಗಲದ ಅಂಗಡಿ.
ಮೆಷಿನ್ನು, ಬಲ್ಬು, ಗುಂಡಿ ತುಂಬಿದ ಹಾರ್ಲಿಕ್ಸ್ ಬಾಟಲಿ.
ಕಾರ್ಖಾನೆ ಕಬ್ಬು ಅರೆಯುವ ತಿಂಗಳಲ್ಲಿ ಕಾಕಂಬಿ ವಾಸನೆ
ಬಾಗಿಲು ಹಾಕಿದರೂ ಒಳಗೆ ಬಂದು ಬಟ್ಟೆಯ ಮೇಲೆ ಕೂರುತ್ತದೆ.

ಆಟ ಅಂದರೆ ನಾನು ಆಡಿದ್ದು ಕುಂಟೆಬಿಲ್ಲೆ.
ಆಫ್‌ಸೈಡು ಅಂದರೆ ಏನಂತ ಇವತ್ತಿಗೂ ತಿಳಿಯದು.
ಮರೀಗೌಡರು ಒಮ್ಮೆ ಬೆಂಕಿಪೊಟ್ಟಣ, ಐದು ಗುಂಡಿ ಇಟ್ಟು ವಿವರಿಸಿದರು.
ಹೂಂ ಅಂದೆ. ಗುಂಡಿ ಎಣಿಸಿ ವಾಪಸು ಇಸಕೊಂಡೆ.

ಆದರೆ ಆ ಪುಟದಲ್ಲಿ ಒಬ್ಬ ಬರೆಯುತ್ತಾನೆ.
ಪೂರ್ತಿ ಹೆಸರಿಲ್ಲ, ಕೊನೆಗೆ ‘ಕೆ.ಬೋ.’ ಅಂತಿರುತ್ತದೆ.
ದೊಡ್ಡ ಪಂದ್ಯಗಳಿಗೆ ಅವನನ್ನು ಕಳಿಸುವುದಿಲ್ಲವೇನೋ.
ಕೆರಗೋಡಿನ ಕಬಡ್ಡಿ, ಹೊಳಲಿನ ವಾಲಿಬಾಲು,
ತಾಲ್ಲೂಕು ಮಟ್ಟದ ಹುಡುಗಿಯರ ಖೊಖೊ,
ಬೋರ್‌ವೆಲ್ ಮೋಟಾರಿನ ಜಾಹೀರಾತಿನ ನೆತ್ತಿಯ ಮೇಲೆ ನಾಲ್ಕು ಇಂಚು.

ಆ ನಾಲ್ಕು ಇಂಚಿನಲ್ಲೇ ಪ್ರತಿ ಸಲ
ಸ್ಕೋರಿಗೆ ಬೇಡದ್ದೊಂದನ್ನು ತುರುಕಿರುತ್ತಾನೆ.
“ರೆಫರಿಯ ಸೀಟಿ ಕೆಟ್ಟಿತು. ಚಪ್ಪಾಳೆ ತಟ್ಟಿಯೇ ಪಂದ್ಯ ಮುಗಿಸಿದರು.”
“ಚೆಂಡು ಕಬ್ಬಿನ ಗದ್ದೆಗೆ ಹೋಯಿತು. ಹುಡುಕಲು ಹೋದವನು
ಕಬ್ಬು ಸಿಗಿಯುತ್ತ ಬಂದ. ಚೆಂಡೂ ಇತ್ತು.”
ಆ ‘ಚೆಂಡೂ’ ಅನ್ನುವ ದೀರ್ಘಕ್ಕೆ
ಮೆಷಿನ್ ತುಳಿಯುತ್ತಲೇ ನಕ್ಕೆ. ದಾರ ಕಿತ್ತುಹೋಯಿತು.

ಓದಿ ಓದಿ ನನಗೂ ಈಗ ಚಾಳಿ ಹತ್ತಿದೆ.
ಸಂಜೆ ಡೈರಿ ಎದುರಿನ ಸಾಲಿನಲ್ಲಿ ನಿಂತು ಮನಸ್ಸಿನಲ್ಲೇ ವರದಿ ಮಾಡುತ್ತೇನೆ:
ನಾಯಿ ಆಕಳಿಸಿತು. ಕ್ಯಾನು ಹಿಡಿದ ಮೂವರೂ ಆಕಳಿಸಿದರು.
ನಾಲ್ಕನೆಯವಳಾದ ನಾನು ತಡೆದುಕೊಂಡೆ.
ಫಲಿತಾಂಶ: ಅರ್ಧ ಲೀಟರು.

ಓದಿದ ಮೇಲೆ ಕತ್ತರಿ. ಅದು ಆಟ ಬೇಟ ನೋಡುವುದಿಲ್ಲ.
ಹಾಗಾಗಿ ನನ್ನ ಮೊಳೆಗೆ ಚುಚ್ಚಿರುವ ಅಳತೆಗಳಲ್ಲಿ
ಫರ್ಜಾನಾ ಟೀಚರ ಎಡತೋಳಿಗೆ ಗುಂಡು ಎಸೆತ,
ಹೂವಿನ ಸಾಕವ್ವನ ಬೆನ್ನಿಗೆ ಮಣ್ಣು ಮೆತ್ತಿದ ಕುಸ್ತಿ,
ಬ್ಯಾಂಕಿನ ಸುಗುಣಾ ಮೇಡಮ್ಮಿನ ಕತ್ತಿನ ಸುತ್ತ
ಎರಡೂ ತಂಡ ಸಮ, ಬೆಳಕು ಸಾಲದೆ ಆಟ ನಿಂತಿದೆ.
ಅವರಿಗೆ ಗೊತ್ತಿಲ್ಲ. ನಾನು ಹೇಳಿಯೂ ಇಲ್ಲ.

ಮೊನ್ನೆ ಚಿಕ್ಕತಾಯಮ್ಮ ಬಂದರು, ಹಸಿರು ಪೀಸು ಹಿಡಿದು.
“ಒಂದಿಂಚು ಬುಡು ಕಣಮ್ಮಿ, ಉಸ್ರು ಕಟ್ತದೆ.”
ಅವರ ಕಾಗದ ಇಳಿಸಿದೆ. ಆರು ವರ್ಷ ಹಳೆಯದು, ಬೆಲ್ಲದ ಬಣ್ಣಕ್ಕೆ ತಿರುಗಿದೆ.
“ಕೊನೆಯ ನಿಮಿಷ. ಬಸರಾಳಿನ ಹುಡುಗಿ ಕಂಬ ಸುತ್ತಿದಳು,
ಜಡೆ ಒಂದು ಕಡೆ, ತಾನು ಒಂದು ಕಡೆ. ಹಿಂದಿದ್ದವಳ ಬೆರಳು”
ಅಲ್ಲಿಗೆ ಕಂಕುಳು. ಕತ್ತರಿ ದುಂಡಗೆ ಹೋಗಿದೆ.

ಮುಟ್ಟಿತೇ?
ಕತ್ತರಿಸುವ ಮೊದಲು ಓದಿದ್ದೆನಲ್ಲ. ನೆನಪಿಲ್ಲ.
ಉಳಿದದ್ದು ಯಾರ ತೋಳಾಯಿತೋ, ಯಾವ ಒಲೆ ಹತ್ತಿಸಿತೋ.
“ಲೈಬ್ರರಿಯಲ್ಲಿ ಹಳೇ ಪೇಪರೆಲ್ಲ ಕಟ್ಟಿಟ್ಟಿರ್ತಾರೆ, ನೋಡು” ಅಂದರು ಮರೀಗೌಡರು,
ಟ್ಯೂಬನ್ನು ನೀರಿಗದ್ದಿ ಗುಳ್ಳೆ ಹುಡುಕುತ್ತ.
ನೋಡಬಹುದು. ಭಾನುವಾರ ರಜವೇ.
ಎರಡು ಭಾನುವಾರ ಕಳೆದವು. ಹೋಗಲಿಲ್ಲ.

ಅನ್ನದ ಅಂಟು ಹಚ್ಚಿ, ಆ ಕಂಕುಳ ಬಳಿ
ಒಂದಿಂಚು ಕಾಗದ ಸೇರಿಸಿದೆ, ಪೇಪರಿನ ಬಿಳಿ ಅಂಚು,
ಏನೂ ಅಚ್ಚಾಗದ್ದು.
ಓಡವ್ವ, ಅಂದೆ.

“ಯಾರ್ಗೆ ಹೇಳ್ತಿದ್ದೀಯೆ?” ಅಂದರು ಚಿಕ್ಕತಾಯಮ್ಮ.
ಯಾರಿಗೂ ಇಲ್ಲ. ಟೇಪು ಹಿಡಿಯಬೇಕು,
ಸ್ವಲ್ಪ ಕೈ ಎತ್ತಿ.